ಇಂದ್ರಜಾಲಕ್ಕೆ ಬೇರಿಲ್ಲ

ಸಂತೆಮರಹಳ್ಳಿಯ ಸಂತೆಯಲ್ಲಿ ಶಿವರುದ್ರಮ್ಮನ ಗಂಟಲಿಗೆ ಸಾಟಿಯಾದ ಗಂಟಲು ಇನ್ನೊಂದಿರಲಿಲ್ಲ. ತರಕಾರಿಯವರು ಮೈಕು ಹಾಕಿಕೊಂಡು ಟೊಮೆಟೊ ಕೂಗುತ್ತಿದ್ದರೆ, ಅವಳ ಬರಿಗಂಟಲು ಆ ಮೈಕುಗಳ ನೆತ್ತಿಯ ಮೇಲೆ ಹಾಯ್ದು ಬಸ್ಸಿಳಿಯುವವರ ಕಿವಿಗೆ ಬೀಳುತ್ತಿತ್ತು.

“ಕಣ್ಣು ಬೀಳ್ದಿರೋ ಮನೆ ಎಲ್ಲದೆ ಕಣವ್ವಾ? ಕಟ್ಟಿದ್ ಮನೆಗೆ ನೆಂಟ್ರ ಕಣ್ಣು, ಕರಿಯೋ ಎಮ್ಮೆಗೆ ನೆರೆಯೋಳ ಕಣ್ಣು, ಬೆಳ್ದಿರೋ ಅರಿಸಿನಕ್ಕೆ ದಾರೀಲೋಗೋರ ಕಣ್ಣು! ಬನ್ನಿ, ಬಾಗ್ಲಿಗೆ ಕಟ್ಕಳಿ!”

ಪಟಿಕ, ಕಪ್ಪು ದಾರ, ಕವಡೆ, ಕುದುರೆ ಲಾಳ, ಬೂದುಗುಂಬಳ, ಪೋಣಿಸಿದ ನಿಂಬೆ ಮೆಣಸಿನಕಾಯಿ. ಇಷ್ಟೂ ಅವಳ ಅವ್ವನ ಕಾಲದಿಂದ ಬಂದ ಸರಕು. ಈಚೆಗೆ ಸೇರಿಕೊಂಡದ್ದು ಇಂದ್ರಜಾಲ. ಕೊಳೆತ ಅರಳಿ ಎಲೆಯಲ್ಲಿ ಬರೀ ನರ ಉಳಿದರೆ ಹೇಗಿರುತ್ತದೋ ಹಾಗೆ, ಬೀಸಣಿಗೆಯಷ್ಟು ಅಗಲದ ಕಪ್ಪು ಜಾಲರಿ. ಗಾಜಿನ ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದರೆ ಮಾಟ ಮಂತ್ರ ಏನೂ ತಾಗುವುದಿಲ್ಲವೆಂದು ಜನ ನಂಬಿದ್ದರು. ತಂದುಕೊಡುತ್ತಿದ್ದವನು ಶಂಕರ್. ಅವನು ದಿಂಬಂ ಘಾಟಿಯ ಆಚೆಯ ತಮಿಳು ಸೀಮೆಯಿಂದ ಮಾಲು ತಂದು ಚಾಮರಾಜನಗರ, ಗುಂಡ್ಲುಪೇಟೆ, ತೆರಕಣಾಂಬಿಯ ಸಂತೆಯವರಿಗೆಲ್ಲ ಹಂಚುತ್ತಿದ್ದ.

“ಕೊಲ್ಲಿಮಲೆ ಬೇರು ಕಣಕ್ಕ. ಬಂಡೆ ಒಳ್ಗೆ ಬೆಳೆಯೋದು. ಸಿದ್ಧರು ಕಿತ್ಕೊಡ್ಬೇಕು,” ಎಂದು ಅವನು ಹೇಳಿದ್ದ. ಶಿವರುದ್ರಮ್ಮ ಅದಕ್ಕೆ ತನ್ನದೊಂದಿಷ್ಟು ಉಪ್ಪುಖಾರ ಬೆರೆಸಿ ಮಾರಿದಳು. ಎರಡು ವರ್ಷದಲ್ಲಿ ಸುತ್ತಲಿನ ಊರುಗಳಲ್ಲಿ ಅವಳ ಇಂದ್ರಜಾಲವಿಲ್ಲದ ಬೀದಿ ಉಳಿಯಲಿಲ್ಲ.

ಅಮಾವಾಸ್ಯೆ ಹತ್ತಿರವಿದ್ದ ಒಂದು ಸಂತೆಯ ದಿನ ಶಂಕರ್ ಆಟೋದಲ್ಲಿ ಬಂದವನೇ ಒಂದು ಗೋಣಿಚೀಲ ಎಸೆದು, “ಅರ್ಜೆಂಟು ಕಣಕ್ಕ, ಒಣಗ್ಸಕ್ಕೆ ಟೈಮಿರ್ನಿಲ್ಲ, ನೀನೇ ಬಿಸ್ಲಿಗಾಕ್ಕೊ,” ಎಂದು ಹೊರಟುಹೋದ. ಶಿವರುದ್ರಮ್ಮ ಚೀಲ ಬಿಚ್ಚಿದಳು. ಗಬ್ಬೆಂದು ಮೀನಿನ ವಾಸನೆ ಮುಖಕ್ಕೆ ಬಡಿಯಿತು. ಒಳಗಿದ್ದವು ಕಪ್ಪಾಗಿರಲಿಲ್ಲ, ನೇರಳೆ ಹಣ್ಣಿನ ಬಣ್ಣಕ್ಕಿದ್ದವು. ಮುಟ್ಟಿದರೆ ಲೋಳೆ ಅಂಟುತ್ತಿತ್ತು.

“ಬೇರಿಗೆ ಯಾನಕ್ಕೆ ಮೀನ್ ವಾಸ್ನೆ?” ಎಂದು ಗೊಣಗುತ್ತ ಒಂದನ್ನು ಮೇಲೆತ್ತಿದಳು. ಅದರ ರೆಂಬೆಗೆ ಏನೋ ಸುತ್ತಿಕೊಂಡಿತ್ತು. ಹಲ್ಲಿಬಾಲದಂಥ ಐದು ಸಣ್ಣ ಕೈಗಳು, ನಡುವೆ ಗುಂಡಿಯಷ್ಟು ಮೈ. ಕಿತ್ತೆಸೆಯಲು ಬೆರಳಿಟ್ಟಾಗ ಅದರ ಒಂದು ಕೈ ನಿಧಾನಕ್ಕೆ ಬಿಚ್ಚಿ, ಮತ್ತೆ ರೆಂಬೆಯನ್ನೇ ತಬ್ಬಿಕೊಂಡಿತು.

ಶಿವರುದ್ರಮ್ಮ ಕೂಗುವುದನ್ನು ನಿಲ್ಲಿಸಿದಳು. ಪಕ್ಕದ ಬಳೆಯವಳು ತಿರುಗಿ, “ಯಾಕಕ್ಕ, ಗಂಟ್ಲು ಕಟ್ತಾ?” ಎಂದಳು.

ಅಷ್ಟರಲ್ಲಿ ಕರ್ಪೂರ ಕೊಳ್ಳಲು ದಾನೇಶ್ವರಿ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈ ಮೇಡಂ ಶಿವರುದ್ರಮ್ಮನ ಖಾಯಂ ಗಿರಾಕಿ. ಚೀಲದ ಕಡೆ ಕಣ್ಣು ಹೋದದ್ದೇ ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

“ಶಿವರುದ್ರಮ್ಮನೋರೆ, ಇದೆಲ್ಲಿಂದ ಬಂತು?”

“ಕೊಲ್ಲಿಮಲೆ ಬೇರಂತೆ ಮೇಡಮ್ಮೋರೆ. ಆದ್ರೆ ನೋಡಿ, ಇದ್ರಲ್ಲಿ ಯಾವ್ದೋ ಜೀವ ಮಿಸುಕಾಡ್ತಾ ಅದೆ.”

“ಇದು ಬೇರಲ್ಲ. ಗಿಡಾನೂ ಅಲ್ಲ. ಸಮುದ್ರದ ತಳದಲ್ಲಿ ಇರೋ ಹವಳದ ಜಾತಿ. ಪ್ರಾಣಿ ಇದು. ಮಿಸುಕಾಡ್ತಿರೋದು ಇದನ್ನೇ ಮನೆ ಮಾಡ್ಕೊಂಡಿರೋ ನಕ್ಷತ್ರಮೀನಿನ ಜಾತಿಯ ಇನ್ನೊಂದು ಜೀವ.”

ದಾನೇಶ್ವರಿ ಮೊಬೈಲು ತೆಗೆದು ಒಂದು ವಿಡಿಯೋ ಹಾಕಿದಳು. ನೀಲಿ ನೀರು. ಅದರೊಳಗೆ ಇದೇ ಜಾಲರಿ, ಆಳೆತ್ತರ, ಗಾಳಿಗೆ ತೂಗುವ ರಾಗಿ ಹೊಲದಂತೆ ತೂಗುತ್ತಿತ್ತು. ಹತ್ತಿರ ಹೋದಂತೆ ಪ್ರತಿ ರೆಂಬೆಯ ಮೇಲೂ ಸಾಸಿವೆ ಹೂವಿನಂಥ ಸಣ್ಣ ಸಣ್ಣ ಬಾಯಿಗಳು ಅರಳಿಕೊಂಡಿದ್ದವು. ಸಂದುಗಳಲ್ಲಿ ಮೀನಿನ ಮರಿಗಳು ನುಸುಳಿ ಆಡುತ್ತಿದ್ದವು.

“ಈ ಒಂದೊಂದು ಹೂವೂ ಒಂದೊಂದು ಜೀವ. ಸಾವಿರಾರು ಸೇರಿ ಈ ಬೀಸಣಿಗೆ ಕಟ್ಕೊಂಡು ಬದುಕ್ತವೆ. ಇಷ್ಟಗಲ ಆಗೋಕೆ ಎಷ್ಟೋ ವರ್ಷ ಬೇಕು. ಮೀನು, ಸಿಗಡಿ ಎಲ್ಲ ಇದರ ಮರೇಲಿ ಬೆಳೀತವೆ. ಹುಲಿ ಆನೆಗೆ ಇರೋ ಕಾನೂನೇ ಇದಕ್ಕೂ ಇದೆ. ಕೀಳೋ ಹಾಗಿಲ್ಲ, ಮಾರೋ ಹಾಗಿಲ್ಲ.”

ಶಿವರುದ್ರಮ್ಮ ವಿಡಿಯೋವನ್ನು ಇನ್ನೊಮ್ಮೆ ಹಾಕಿಸಿದಳು. ಆಮೇಲೆ ತನ್ನ ಕೈಯಲ್ಲಿದ್ದುದನ್ನು ನೋಡಿದಳು.

“ಹಂಗಾರೆ ಇದು ಒಂದೂರು ಕಣಿ ಮೇಡಮ್ಮೋರೆ,” ಎಂದಳು. “ನಾನು ಊರೂರ್ನೇ ಕಿತ್ತು ಮಾರ್ಬುಟ್ಟಿವ್ನಿ.”

ಸ್ಟೀಲಿನ ಚೊಂಬಿಗೆ ನೀರು ಹುಯ್ದು, ಒಂದು ಹಿಡಿ ಉಪ್ಪು ಹಾಕಿ, ಆ ಐದು ಕೈಯ ಜೀವವನ್ನು ಅದರಲ್ಲಿ ಬಿಟ್ಟಳು. ಸಂತೆ ಚದುರುವ ಹೊತ್ತಿಗೆ ಅದು ಅಲುಗಾಡುವುದನ್ನು ನಿಲ್ಲಿಸಿತ್ತು.

ಮಾರನೆಯ ದಿನವೇ ಶಿವರುದ್ರಮ್ಮ ತನ್ನಲ್ಲಿದ್ದ ಅಷ್ಟೂ ಇಂದ್ರಜಾಲ ಕಟ್ಟಿಕೊಂಡು ದಾನೇಶ್ವರಿಯ ಜೊತೆ ಚಾಮರಾಜನಗರದ ಅರಣ್ಯ ಕಚೇರಿಗೆ ಹೋದಳು. ಜೈಲಿಗೆ ಹಾಕುತ್ತಾರೇನೋ ಎಂಬ ಭಯವಿದ್ದರೂ ಮೆಟ್ಟಿಲು ಹತ್ತಿದಳು. ಅಧಿಕಾರಿ ಎಲ್ಲ ಕೇಳಿ, “ನೀವಾಗೇ ತಂದು ಒಪ್ಪಿಸಿದ್ದೀರಿ, ನಿಮ್ಮನ್ನ ಸಾಕ್ಷಿ ಮಾಡ್ಕೋತೀವಿ. ಆದರೆ ಈ ಶಂಕರ್ ಮಾಲು ಎಲ್ಲಿಡ್ತಾನೆ ಅಂತ ನಮಗೆ ಇವತ್ತಿಗೂ ಸಿಕ್ಕಿಲ್ಲ. ಮಾಲಿನ ಸಮೇತ ಹಿಡೀಬೇಕು,” ಎಂದರು.

“ಅವ್ನು ಎಲ್ಲಾರ ಮಡಗ್ಲಿ ಬುಡಿ ಸ್ವಾಮಿ. ಅವ್ನೇ ಒತ್ಕೊಂಡ್ ಬರೋ ಹಂಗೆ ನಾ ಮಾಡ್ತೀನಿ,” ಎಂದಳು ಶಿವರುದ್ರಮ್ಮ.

ಮೊದಲು ಫೋನು ಹಚ್ಚಿದ್ದು ತೆರಕಣಾಂಬಿಯ ಮಂಗಮ್ಮನಿಗೆ. ಅವಳದೂ ಇದೇ ವ್ಯಾಪಾರ. ಕೇಳಿದ್ದೇ ಅವಳು ಸಿಡುಕಿದಳು. “ಸಮುದ್ರ ಎಲ್ಲದೆ, ನಾವೆಲ್ಲಿವಿ? ಕಾಣ್ದಿರೋ ಊರಿನ ಉಸಾಬರಿ ನಮಗ್ಯಾಕಮ್ಮಿ?”

“ನಿನ್ ಮನೇಗೆ ವಾರ್ವಾರ ಮತ್ತಿ ಮೀನು ಎಲ್ಲಿಂದ ಬತ್ತದೆ, ಸುವರ್ಣಾವತಿ ಒಳೆಯಿಂದ್ಲಾ? ಮುಂಗಾರಿನ ಮೋಡ ಎಲ್ಲಿಂದ ಏಳ್ತದೆ, ನಿನ್ನಟ್ಟಿ ಇತ್ತಿಲಿಂದ್ಲಾ?” ಎಂದು ಶಿವರುದ್ರಮ್ಮ ತಿರುಗಿ ಕೇಳಿದಳು. ಮಂಗಮ್ಮ ಫೋನು ಕತ್ತರಿಸಿದಳು. ದಾನೇಶ್ವರಿ ಕಳಿಸಿದ ವಿಡಿಯೋ ನೋಡಿದ ಮೇಲೆ ತಾನೇ ಫೋನು ಮಾಡಿ, “ನಾನೂ ಬತ್ತೀನಿ ಕಣಕ್ಕ,” ಎಂದಳು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಬಳಿ ಇದೇ ಸರಕಿನ ಅಂಗಡಿ ಇಟ್ಟಿದ್ದ ಮುದ್ದಯ್ಯ ಮಾತ್ರ ಹಾ ಅನ್ನಲಿಲ್ಲ, ಹೂ ಅನ್ನಲಿಲ್ಲ. “ನೋಡನ ಬುಡಿ,” ಎಂದಷ್ಟೇ ಹೇಳಿ ಫೋನಿಟ್ಟ.

ಕೊನೆಗೆ ಶಂಕರನಿಗೆ. “ಶಂಕ್ರಾ, ಅಮಾಸೆಗೆ ಭಾರಿ ಗಿರಾಕಿ ಅವ್ರೆ ಕಣ್ಲಾ. ನಾನು, ಮಂಗಮ್ಮ, ಮುದ್ದಯ್ಯ ಸೇರ್ಕಂಡು ಇರೋದ್ನೆಲ್ಲ ಎತ್ಬುಡ್ತೀವಿ. ನಾಳಿಕ್ಕೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ತವು ತಂದ್ಬುಡು.”

ಶಂಕರ್ ತಂದ. ಬೆಳಗಿನ ಬಿಸಿಲಿನಲ್ಲಿ, ಗೂಡ್ಸ್ ಆಟೋ ತುಂಬ ಮೂಟೆಗಳು. ಊಟಿಗೆ, ಬತ್ತೇರಿಗೆ, ಮೈಸೂರಿಗೆ ಹೋಗುವ ಬಸ್ಸುಗಳ ನಡುವೆ, ಮುದ್ದಯ್ಯನ ಅಂಗಡಿಯೆದುರು ಆಟೋ ನಿಲ್ಲಿಸಿದ. ಬರಬೇಕಾಗಿದ್ದ ಅರಣ್ಯ ಇಲಾಖೆಯ ಜೀಪು ಮಾತ್ರ ಕಾಣಲಿಲ್ಲ. ದಾನೇಶ್ವರಿ ಶಿವರುದ್ರಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು: “ಜೀಪು ಬಂಡೀಪುರಕ್ಕೆ ಹೋಗಿತ್ತಂತೆ, ವಾಪಸು ಬರೋ ದಾರೀಲಿ ಆನೆ ಹಿಂಡು ನಿಂತುಬಿಟ್ಟಿದೆಯಂತೆ. ಸ್ವಲ್ಪ ಹೊತ್ತು ಹಿಡಿದಿಟ್ಕೊಳ್ಳಿ ಅಂತಿದಾರೆ.”

ಶಂಕರನಿಗೆ ಏನೋ ಗುಮಾನಿ ಹತ್ತಿತು. “ಈ ಮೇಡಂ ಯಾರಕ್ಕ? ದುಡ್ಡು ಎಲ್ಲಿ? ಬ್ಯಾಡ ಬುಡು, ಸಾಯಂಕಾಲ ಬತ್ತೀನಿ,” ಎಂದು ಆಟೋ ಕಡೆ ತಿರುಗಿದ.

ಅವನನ್ನು ಕೈಹಿಡಿದು ನಿಲ್ಲಿಸುವ ಶಕ್ತಿ ಶಿವರುದ್ರಮ್ಮನಿಗಿರಲಿಲ್ಲ. ಅವಳಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಮುದ್ದಯ್ಯನ ಅಂಗಡಿಯ ಸ್ಟೂಲನ್ನು ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಹತ್ತಿ ನಿಂತಳು.

“ಬನ್ನಿ, ಬನ್ನಿ, ಬನ್ನಿ! ಊಟಿಗೋಗೋರೂ ಬನ್ನಿ, ಕಲ್ಲಿಕೋಟೆಗೋಗೋರೂ ಬನ್ನಿ! ಬಸ್ಸು ಓದ್ರೆ ಇನ್ನೊಂದ್ ಬತ್ತದೆ, ಈ ಸೋಜಿಗ ಓದ್ರೆ ಬರಕಿಲ್ಲ! ಇಂದ್ರಜಾಲ ನೋಡ್ಬನ್ನಿ, ಇಂದ್ರಜಾಲ!”

ಬಸ್‌ಸ್ಟ್ಯಾಂಡು ತಿರುಗಿ ನೋಡಿತು. ಟೀ ಕುಡಿಯುತ್ತಿದ್ದವರು ಲೋಟ ಹಿಡಿದೇ ಬಂದರು. ಕಾಲೇಜು ಹುಡುಗಿಯರು, ಸೊಪ್ಪಿನ ಪುಟ್ಟಿ ಹೊತ್ತವರು, ಟೂರಿಸ್ಟ್ ಕಾರಿನವರು, ಡ್ಯೂಟಿ ಬಿಟ್ಟ ಕಂಡಕ್ಟರ್‌ಗಳು ಬಂದು ಸುತ್ತುಗಟ್ಟಿದರು. ಶಂಕರನ ಮುಖ ಅರಳಿತು. ಅಕ್ಕ ತನ್ನ ಮಾಲಿಗೇ ಜಾಹೀರಾತು ಕೂಗುತ್ತಿದ್ದಾಳೆಂದುಕೊಂಡು ತಾನೇ ಒಂದು ಮೂಟೆ ಬಿಚ್ಚಿ ದೊಡ್ಡದೊಂದನ್ನು ಎತ್ತಿ ಹಿಡಿದ. ಜನರ ಸುತ್ತು ಅವನ ಬೆನ್ನಿಗೆ ಅಂಟಿ ಬಿಗಿಯಾಯಿತು.

“ನೋಡುದ್ರಾ? ಎಂಥ ಚೆಂದ! ಇದ ಬೇರು ಅಂತ ಮಾರುದ್ನಿ ನಾನು. ನೀವು ಬೇರು ಅಂತ ತಕ್ಕಂಡ್ರಿ. ಬೇರಲ್ಲ ಕಣ್ರಪ್ಪೋ! ಸಮುದ್ರದೊಳ್ಗೆ ಉಸ್ರಾಡೋ ಜೀವ ಇದು! ಒಂದ್ ಕಡ್ಡೀಲಿ ನೂರು ಬಾಯಿ, ಒಂದ್ ಬೀಸಣಿಗೇಲಿ ಒಂದೂರು! ನಮ್ಮವ್ವ ಉಟ್ಟಿದ್ದಾಗ ಮೊಳ್ತದ್ದು ಇವತ್ತಿಗೆ ಇಷ್ಟಗ್ಲ ಆಗದೆ. ಅದ ಬುಡಸಮೇತ ಕಿತ್ಕಂಡ್ ಬಂದವ್ನೆ ನೋಡಿ ಈ ಮಾರಾಯ, ನಿಮ್ ಬಾಗ್ಲಿಗೆ ಎಣ ಕಟ್ಟಕ್ಕೆ!”

ಶಂಕರನ ಎತ್ತಿದ ಕೈ ಇಳಿಯಿತು. “ಏ, ಸುಳ್ಳು ಕಣ್ರೀ! ಕೊಲ್ಲಿಮಲೆ ಬೇರು ಇದು!”

“ಮೂಸ್ನೋಡ್ರಪ್ಪ! ಯಾವ ಬೆಟ್ಟದ್ ಬೇರಿಗೆ ಮೀನ್ ವಾಸ್ನೆ ಅದೆ, ನೀವೇ ಏಳಿ!”

ಮುಂದಿದ್ದವರು ಮೂಸಿದರು, ಮೂಗು ಮುಚ್ಚಿಕೊಂಡರು. ಆಗ ಗುಂಪಿನ ಹಿಂದಿನಿಂದ ಲುಂಗಿ ಎತ್ತಿಕಟ್ಟಿದ ಒಬ್ಬ ಮಲಯಾಳಿ ಮುಂದೆ ನುಗ್ಗಿದ. ಕಲ್ಲಿಕೋಟೆಯಿಂದ ಮೈಸೂರಿಗೆ ಮೀನು ಹೊಡೆಯುವ ಲಾರಿಯ ಡ್ರೈವರು.

“ಈ ಚೇಚಿ, ಈ ಅಕ್ಕ ಹೇಳೋದು ಶರಿಯಾಣು, ಸರಿ! ಇದು ಕಡಲಿಂದೇ! ನನ್ನ ಅಣ್ಣ ಬೋಟಲ್ಲಿ ಹೋಗ್ತಾನೆ. ಇದು ಕಿತ್ತ ಜಾಗದಲ್ಲಿ ಮೀನು ಬರೋದಿಲ್ಲ. ಬಲೆ ಬರೀ ಖಾಲಿ ಬರ್ತದೆ!”

ಗುಂಪಿನ ಗಲಾಟೆ ಏರಿತು. ಶಂಕರ್ ಜನರನ್ನು ತಳ್ಳಿಕೊಂಡು ಹೇಗೋ ಆಟೋದ ಸೀಟು ಸೇರಿದ. ಕೀಲಿಗೆ ಕೈ ಹಾಕಿದರೆ ಕೀಲಿ ಇರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಮುದ್ದಯ್ಯ ಕಾಲು ಇಳಿಬಿಟ್ಟು ಕೂತು, ಕೀಲಿಗೊಂಚಲನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ.

“ಎಲ್ಲಿಗೋದೀಯೆ ಶಂಕ್ರಾ? ಕೂತ್ಕೊ. ಟೀ ಕುಡ್ಕಂಡು ಓಗನ,” ಎಂದ.

ಆಟೋದ ಆ ಬದಿಯಿಂದ ಇಳಿದು ಓಡೋಣವೆಂದರೆ ಅಲ್ಲಿ ಮಂಗಮ್ಮ ಒಂದು ಬೂದುಗುಂಬಳ ಎತ್ತಿ ಹಿಡಿದು ನಿಂತಿದ್ದಳು. ದೃಷ್ಟಿ ತೆಗೆಯುವಂತೆಯೂ ಇತ್ತು, ತಲೆಗೆ ಹಾಕುವಂತೆಯೂ ಇತ್ತು. ಶಂಕರ್ ಕೂತ.

ಜೀಪು ಬಂದಾಗ ಅಧಿಕಾರಿ ಗುಂಪಿನೊಳಗೆ ದಾರಿ ಮಾಡಿಕೊಳ್ಳಬೇಕಾಯಿತು. ಮೂಟೆಗಳನ್ನೆಲ್ಲ ಇಳಿಸಿ ಮಹಜರು ಮಾಡಿದರು. ಶಂಕರನನ್ನು ಜೀಪಿಗೆ ಹತ್ತಿಸಿದಾಗ ಯಾರೋ ಸಿಳ್ಳೆ ಹೊಡೆದರು. ಊಟಿಯ ಬಸ್ಸಿನ ಡ್ರೈವರು ಹಾರ್ನು ಒತ್ತಿ ಹಿಡಿದ. ಮಿಕ್ಕ ಬಸ್ಸಿನವರೂ ಒತ್ತಿದರು. ಇಡೀ ಬಸ್‌ಸ್ಟ್ಯಾಂಡು ಮದುವೆ ಮನೆಯ ಹಾಗೆ ಮೊಳಗಿತು. ಶಿವರುದ್ರಮ್ಮ ಸ್ಟೂಲಿನಿಂದ ಇಳಿಯಲು ನೋಡಿದಳು. ಕಾಲೇಜು ಹುಡುಗಿಯರು ಬಿಡಲಿಲ್ಲ, ಅವಳ ಜೊತೆ ಸೆಲ್ಫಿ ತೆಗೆದುಕೊಂಡರು.

“ಅಕ್ಕ, ಸಮುದ್ರದ ತಾಯಿ ಥರಾ ನಿಂತಿದ್ರಿ,” ಎಂದಳು ಒಬ್ಬಳು.

“ನಾನು ಸಮುದ್ರಾನೇ ಕಂಡಿಲ್ಲ ಕಣಮ್ಮಿ,” ಎಂದಳು ಅವಳು. ಅವಳ ಗಂಟಲು ನಿಜವಾಗಿಯೂ ಕಟ್ಟಿಹೋಗಿತ್ತು.

ಶಂಕರ್ ಬಾಯಿಬಿಟ್ಟ. ಅವನ ಮಾತು ಹಿಡಿದುಕೊಂಡು ಘಾಟಿ ಇಳಿದು ಹೋದವರು ಕರಾವಳಿಯ ಒಂದು ಗೋದಾಮನ್ನೇ ಖಾಲಿ ಮಾಡಿಸಿದರು. ಇಂದ್ರಜಾಲದ ಜೊತೆ ಒಣಗಿಸಿದ ಕಡಲಕುದುರೆ, ಶಂಖ, ಹವಳ ಎಲ್ಲ ಸಿಕ್ಕವು. ನೀರಿಗೆ ಮುಳುಗಿ ಕೀಳುತ್ತಿದ್ದವರಿಗೆ ಕೊಳ್ಳುವವರೇ ಇಲ್ಲದಂತಾಯಿತು. ಸುದ್ದಿ ತಂದ ದಾನೇಶ್ವರಿ ಸಂತೆಯಲ್ಲಿ ಎಲ್ಲರಿಗೂ ಸಿಹಿ ಹಂಚಿದಳು.

ಆದರೆ ಶಿವರುದ್ರಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಬಾಗಿಲ ಮೇಲೆ ತೂಗುತ್ತಿದ್ದವು ಇನ್ನೂ ಉಳಿದಿದ್ದವಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು, ಆದರೆ ತಾವಾಗಿ ಕೊಟ್ಟವರಿಗೆ ತೊಂದರೆ ಮಾಡುವುದಿಲ್ಲವೆಂದು ಅಧಿಕಾರಿಯಿಂದ ಮಾತು ತೆಗೆದುಕೊಂಡು, ಇಲಾಖೆಯ ಜೀಪಿನಲ್ಲೇ ಊರೂರು ಸುತ್ತಿದಳು. ಕೆಲವರು ಕೂಡಲೇ ಕೊಟ್ಟರು, ಕೆಲವರು ಬೈದು ಕೊಟ್ಟರು. ಉಮ್ಮತ್ತೂರಿನಲ್ಲಿ ಚಿಕ್ಕಮಾದಯ್ಯ ಎಂಬ ಹಿರಿಯ ಮಾತ್ರ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

“ಇದ ಕಟ್ಟುದ್ ಮ್ಯಾಲೇ ನನ್ ಮೊಮ್ಮಗ್ಳು ಪ್ರಿಯಾಂಕಂಗೆ ಕೆಲ್ಸ ಸಿಕ್ಕಿದ್ದು. ನಾ ಕೊಡಕಿಲ್ಲ ಓಗು.”

“ಪ್ರಿಯಾಂಕ ರಾತ್ರಿ ಅಗ್ಲು ಓದಿದ್ದು ಸುಳ್ಳಾ ಮಾದಯ್ಯಣ್ಣ? ಅವ್ಳು ಓದಿ ಗೆದ್ದಿದ್ದ ಈ ಸತ್ತಿರೋ ಜೀವದ್ ಲೆಕ್ಕಕ್ಕೆ ಬರೀತಿಯಲ್ಲ, ಆ ಕೂಸ್ಗೆ ಎಂಗಾಗ್ಬೇಕು?”

ಒಳಗಿಂದ ಪ್ರಿಯಾಂಕ ನಕ್ಕದ್ದು ಕೇಳಿಸಿತು. ಚಿಕ್ಕಮಾದಯ್ಯ ಬಾಗಿಲು ಬಿಟ್ಟು ಸರಿದ. ಆಮೇಲೆ ತಾನೇ ಕುರ್ಚಿ ಹಾಕಿ ಹತ್ತಿ, ಚೌಕಟ್ಟು ಬಿಚ್ಚಿ, ಗಾಜಿನ ಧೂಳನ್ನು ಪಂಚೆಯಿಂದ ಒರೆಸಿ ಅವಳ ಕೈಗಿಟ್ಟ.

“ಅಲ್ಲ ರುದ್ರಮ್ಮ, ಸಮುದ್ರದಲ್ಲಿ ಇಂಥವು ಇನ್ನೂ ಉಳ್ದವಾ? ಇಲ್ಲ ಎಲ್ಲಾನೂ ಕಿತ್ಬುಟ್ರಾ?”

“ಉಳ್ದವೆ ಕಣಣ್ಣ!” ಎಂದಳು ಶಿವರುದ್ರಮ್ಮ. ಜೀಪಿನಲ್ಲಿದ್ದ ದಾನೇಶ್ವರಿಗೂ, ಹಟ್ಟಿಯ ಕೊನೆಯ ಮನೆಯವರಿಗೂ ಕೇಳುವಂತೆ ದನಿ ಎತ್ತಿದಳು. “ಬೇಕಾದಷ್ಟು ಉಳ್ದವೆ! ಇನ್ಮೇಲೆ ಬೆಳೀತವೆ!”