ಎಡಭುಜದ ಮೆತ್ತೆ

ನಮ್ಮದು ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವುದು ನಾನು, ಲೋಕದ ಜೊತೆ ಮಾತಾಡುವುದು ಮಗಳು. ಎದುರು ರಸ್ತೆಯಲ್ಲಿ ಸಿದ್ಧ ಉಡುಪಿನ ದೊಡ್ಡ ಮಳಿಗೆ ಬಂದ ಮೇಲೆ ನಮ್ಮ ಬಾಗಿಲಿನ ಗಂಟೆ ಸದ್ದು ಮಾಡುವುದೇ ಅಪರೂಪವಾಯಿತು. ಆಗ ಮಗಳು ಅಂಗಡಿಯ ಹೆಸರಲ್ಲಿ ಒಂದು ಬ್ಲಾಗ್ ಶುರು ಮಾಡಿದಳು. ಕಂಪ್ಯೂಟರಿನಲ್ಲಿ ಬರೆದು ಹಾಕಿದರೆ ಜನ ಓದುತ್ತಾರೆ, ಓದಿದವರು ಬಟ್ಟೆ ಹಿಡಿದು ಬರುತ್ತಾರೆ ಎಂದು ಬಿಡಿಸಿ ಹೇಳಿದಳು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು, ತಲೆಯಾಡಿಸಿದೆ.

ಉಣ್ಣೆ ಬಟ್ಟೆ ಒಗೆಯುವುದು ಹೇಗೆ, ಗುಂಡಿ ಉದುರದಂತೆ ಹಾಕುವುದು ಹೇಗೆ ಎಂದೆಲ್ಲ ಬರೆದಳು. ತಿಂಗಳಾದ ಮೇಲೆ ಎಷ್ಟು ಜನ ಓದಿದರು ಎಂದು ಕೇಳಿದೆ.

"ಒಂಬತ್ತು ಅಪ್ಪ. ಅದ್ರಲ್ಲಿ ಆರು ಸಲ ನಾನೇ."

ಗುಂಡಿಯ ಸಮಾಚಾರ ಯಾರಿಗೂ ಬೇಡವಂತೆ, ಮನುಷ್ಯರ ಕತೆ ಬೇಕಂತೆ. ಇಷ್ಟು ವರ್ಷದಲ್ಲಿ ಒಬ್ಬರೂ ನೆನಪಿಲ್ಲವೇ ಎಂದು ಬೆನ್ನು ಬಿದ್ದಳು. ಒಂದು ಮಧ್ಯಾಹ್ನ ಗುಂಡಿ ತೂರುವ ಕಾಜಾ ಹೊಲಿಯುತ್ತ ಮೇಷ್ಟ್ರ ಕತೆ ಹೇಳಿಬಿಟ್ಟೆ.

ಮೇಷ್ಟ್ರು ನನ್ನ ಓರಗೆಯವರು. ಚಿಕ್ಕಂದಿನಲ್ಲಿ ಬಿದ್ದು ಅವರ ಎಡಭುಜ ಎರಡು ಬೆರಳಿನಷ್ಟು ಇಳಿದಿತ್ತು. ಓರೆ ತಕ್ಕಡಿ ಎಂದು ಕರೆಸಿಕೊಂಡೇ ಬೆಳೆದವರು. ಕೆಲಸ ಸಿಕ್ಕಿದ ವಾರ ನನ್ನಲ್ಲಿಗೆ ಬಂದು, ಕ್ಲಾಸಿಗೆ ಹಾಕಿಕೊಂಡು ಹೋಗಲು ಕೋಟು ಬೇಕು, ಮಕ್ಕಳಿಗೆ ಗೊತ್ತಾಗಬಾರದು ಎಂದಿದ್ದರು. ಎಡಭುಜಕ್ಕೆ ಹತ್ತಿಯ ಮೆತ್ತೆ ಇಟ್ಟು, ಲೈನಿಂಗಿನ ಒಳಗೆ ಮುಚ್ಚಿ ಹೊಲಿದೆ. ಸವರಿ ನೋಡಿದರೂ ತಿಳಿಯದು. ಮೂವತ್ತೊಂದು ವರ್ಷ ಹಾಗೇ ನಡೆಯಿತು. ಹೊಸ ಕೋಟು ತೊಟ್ಟಾಗಲೆಲ್ಲ ಕನ್ನಡಿಯ ಮುಂದೆ ನಿಂತು ಹೇಗಿದೆ ಎನ್ನುತ್ತಿದ್ದರು, ನೆಟ್ಟಗಿದೆ ಎನ್ನುತ್ತಿದ್ದೆ. ನನ್ನ ಅಳತೆ ಪುಸ್ತಕದಲ್ಲಿ ಕೂಡ ಎರಡೂ ಭುಜ ಸಮ ಎಂದೇ ಬರೆದಿದ್ದೆ. ಆ ಎರಡು ಬೆರಳು ನನ್ನ ತಲೆಯಲ್ಲಿ ಮಾತ್ರ ಇದ್ದವು.

ಮಗಳು ಹೆಸರು ಹಾಕಲಿಲ್ಲ. ಬೂದು ಕೋಟಿನ ಮೇಷ್ಟ್ರು ಎಂದಷ್ಟೇ ಬರೆದಳು. ಓದಿ ಹೇಳಿದಾಗ ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ. ನನ್ನ ಕೈಕೆಲಸವನ್ನು ಯಾರಾದರೂ ಬರೆದದ್ದು ಅದೇ ಮೊದಲು. ಒಂದೇ ವಾರದಲ್ಲಿ ಸಾವಿರಾರು ಜನ ಓದಿದರು. ಹೊಸ ಗಿರಾಕಿಗಳೂ ಬಂದರು. ಬೂದು ಕೋಟು ಹಾಕುವ ಮೇಷ್ಟ್ರು ಊರಿಗೆ ಒಬ್ಬರೇ ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಸೋಮವಾರ ಮೇಷ್ಟ್ರು ಬಂದರು. ತೋಳಿನ ಮೇಲೆ ಮೂರು ಕೋಟು, ಮೈಮೇಲೊಂದು. ನಾಲ್ಕನ್ನೂ ನನ್ನ ಮೇಜಿನ ಮೇಲಿಟ್ಟರು. ಅಂದು ಬೆಳಿಗ್ಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಭುಜ ನೋಯುತ್ತದೆಯೇ ಸರ್ ಎಂದು ಕೇಳಿದಳಂತೆ. ಅಕ್ಕರೆಯಿಂದಲೇ ಕೇಳಿದಳಂತೆ. ಇಡೀ ಕ್ಲಾಸು ಅವರ ಭುಜವನ್ನೇ ನೋಡಿತಂತೆ. ನಿವೃತ್ತಿಗೆ ಇನ್ನು ಎಂಟೇ ತಿಂಗಳಿತ್ತು.

"ಮೆತ್ತೆ ತೆಗೆದುಬಿಡು," ಅಂದರು.

ಮಗಳು ಈಗಲೇ ಅಳಿಸಿಬಿಡುತ್ತೇನೆ ಸರ್ ಎಂದು ಕಂಪ್ಯೂಟರಿನತ್ತ ಓಡಿದಳು.

"ಓದಿದವರ ತಲೆಯಿಂದಾನೂ ಅಳಿಸ್ತೀಯೇನಮ್ಮ?" ಸಿಟ್ಟಿರಲಿಲ್ಲ. ಪಾಠ ಮರೆತ ಮಗುವನ್ನು ಕೇಳುವ ಹಾಗೆ ಕೇಳಿದರು.

ತಪ್ಪಾಯಿತು ಎಂದೆ. ಅವರು ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನೇ ನೋಡಿದರು.

"ನಿನ್ನ ಸೂಜಿ ಇಷ್ಟು ವರ್ಷ ಗುಟ್ಟು ಕಾಯ್ತು ಕಣಯ್ಯ."

ಒಂದೊಂದೇ ಹೊಲಿಗೆ ಬಿಚ್ಚಿದೆ. ಮೆತ್ತೆಗಳು ಅವರ ಭುಜದ ಆಕಾರಕ್ಕೇ ಬಾಗಿ ಗಟ್ಟಿಯಾಗಿದ್ದವು. ಕೋಟು ತೊಟ್ಟರು. ಎಡಭುಜ ಕುಸಿಯಿತು, ಕೋಟಿನ ತೋಳು ಬೆರಳ ತನಕ ಇಳಿಯಿತು. ಮಡಚಿ ಕೊಡಲು ಕೈ ಚಾಚಿದೆ, ತೋಳು ಸರಿಸಿಕೊಂಡರು. ಕನ್ನಡಿಯತ್ತ ತಿರುಗಲಿಲ್ಲ. ಹೇಗಿದೆ ಎಂದು ಕೇಳಲಿಲ್ಲ.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲಿನ ಗಂಟೆ ಸದ್ದು ಮಾಡಿತು. ಬ್ಲಾಗ್ ಓದಿ ಬಂದ ಗಿರಾಕಿ. ಅಳತೆ ಕೊಡುವ ಮೊದಲೇ, ಆ ಮೇಷ್ಟ್ರು ಯಾರು ಎಂದು ನಗುತ್ತ ಕೇಳಿದ. ಮಗಳು ನನ್ನ ಮುಖ ನೋಡಿದಳು.

ನಾನು ಮೇಜಿನ ಮೇಲಿದ್ದ ನಾಲ್ಕು ಮೆತ್ತೆಗಳ ಮೇಲೆ ಬಟ್ಟೆ ಎಳೆದೆ.

"ಅಂಥವರು ಯಾರೂ ಇಲ್ಲಪ್ಪ," ಅಂದೆ.