ನಿಮ್ಮ ಒಲೆಗೆ ಆ ದಿನ ಸೂಟಿ

ಕೋಮಲ ಚಿಕ್ಕೋಡಿಯ ಒಂದು ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡಲು ಕೂತಾಗ ಬಂದವರೆಲ್ಲ ಚಹಾ ಕುಡಿದು, ಹೊಗಳಿ, ಎದ್ದು ಹೋದರು. ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಕೊಟ್ಟರೂ ಕೂಸಿನ ಕೂದಲು ತೆಗೆಸುವ ಜಾವಳದ್ದು, ಇಲ್ಲವೇ ಬೋರವೆಲ್ ಪೂಜೆಯದು.

ಮಾವ ದುಂಡೇಶಪ್ಪ ಕೆಟ್ಟವನಲ್ಲ. ಆದರೆ ಮಂದಿ ನಕ್ಕರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ತಾಟಿನ ಮುಂದೆ ಕೂತು ಹೇಳಿಯೇಬಿಟ್ಟ: "ಈ ಲಗ್ನಸರಾಯಿ ಮುಗಿಯೂದ್ರಾಗ ಒಂದಾದ್ರೂ ದೊಡ್ಡ ಮನಿ ಪತ್ರಿಕಿ ನಿನ್ನ ಕೈಯಿಂದ ಹೊರಬೀಳ್ಲಿ. ಇಲ್ಲಾಂದ್ರ ಅಂಗಡಿ ಮುಚ್ಚು. ‘ದುಂಡೇಶನ ಸೊಸಿ ಮಷಿನ್ ಮುಂದ ನೊಣಾ ಹೊಡ್ಯಾಕತ್ತಾಳ’ ಅಂತ ಕಟ್ಟಿ ಮ್ಯಾಲ ಮಾತಾಡಾಕತ್ತಾರ."

"ಆತ್ರಿ ಮಾಮಾ," ಎಂದಳು ಕೋಮಲ. ಗಂಡ ಮಲ್ಲೇಶ ತಂದೆಗೆ ಎದುರಾಡುವವನಲ್ಲ. ಆದರೆ ಮರುದಿನ ಉಗಾರ ಬುದ್ರುಕದ ಬಾಬಾಸಾಹೇಬರ ಮನೆಯಲ್ಲಿ ಮದುವೆ ಗೊತ್ತಾಗಿದೆ ಎಂಬ ಸುದ್ದಿ ತಂದವನು ಅವನೇ. ಗಾಡಿ ಒರೆಸಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡ.

ಬಾಬಾಸಾಹೇಬರದು ಹೊಳೆದಂಡೆಯ ಕಬ್ಬಿನ ಮನೆ, ಊರಿಗೇ ದೊಡ್ಡದು. ಅವರಿಗೊಂದು ನೋವಿತ್ತು. ಹಿರಿಮಗಳ ಮದುವೆಗೆ ಕೊಲ್ಲಾಪುರದಿಂದ ಮಿರಿಮಿರಿ ಮಿಂಚುವ ಪತ್ರಿಕೆ ಮಾಡಿಸಿ ಹಂಚಿದ್ದರು. ಮದುವೆಯ ದಿನ ನೋಡಿದರೆ ಮನೆಗೊಬ್ಬರು ಬಂದು ಅಕ್ಷತೆ ಹಾಕಿ, ಉಂಡು ಹೋದರು. ಕೊಪ್ಪರಿಗೆಗಟ್ಟಲೆ ಹುಗ್ಗಿ ಉಳಿಯಿತು. ಅದನ್ನು ದನಗಳಿಗೆ ಹಾಕಿದರು. ಇವತ್ತಿಗೂ ಊರಲ್ಲಿ ಅದಕ್ಕೆ ‘ಎಮ್ಮಿ ಹುಗ್ಗಿ ಉಂಡ ಮದಿವಿ’ ಎಂದೇ ಹೆಸರು. ಈಗ ಕಿರಿಮಗಳು ದಾನೇಶ್ವರಿಯ ಸರದಿ. ಈ ಸಲ ಊರಿಗೆ ಊರೇ ಬರಬೇಕು, ಅಂಥ ಪತ್ರಿಕೆ ಬೇಕು ಎಂದು ಅವರ ಹಟ.

ಕೋಮಲ ಮೊದಲ ಸಲ ಹೋದಾಗ ಮನೆಯವರೆಲ್ಲ ಫೋನಿನಲ್ಲಿ ಮುಳುಗಿದ್ದರು. ಮಾತಿಗೆ ಸಿಕ್ಕವರು ಬಾಬಾಸಾಹೇಬರ ತಾಯಿ ಶಿವಗಂಗವ್ವ ಒಬ್ಬರೇ.

"ಆಯಿ, ಮಂದಿ ಯಾಕ ಬರಲಿಲ್ಲ ಅಂತೀರಿ?"

"ಕರದರ ಬರತಾರ. ಕರೀಲಿಲ್ಲ, ಬರಲಿಲ್ಲ."

"ಪತ್ರಿಕ್ಯಾಗ ‘ಸಹಕುಟುಂಬ’ ಅಂತ ಇತ್ತಲ್ರೀ?"

"ಅದು ಎಲ್ಲಾ ಪತ್ರಿಕ್ಯಾಗೂ ಇರತೈತಿ. ಅದನ್ನ ಯಾರು ನಂಬತಾರ?" ಮುದುಕಿ ಕಾಲು ನೀವಿಕೊಂಡರು. "ಹಿಂದಕ ನಾವs ಹೋಗಿ ಹೊಸ್ತಿಲದಾಗ ನಿಲ್ಲತಿದ್ವಿ. ಬರೇ ‘ಅಕ್ಷತಾಕ ಬರ್ರಿ’ ಅಂದ್ರ ಮನಿಗೊಬ್ರು ಬರೂದು. ‘ಆವತ್ತ ನಿಮ್ಮ ಒಲಿ ಬಂದ್’ ಅಂದ್ರ ಮುಗೀತು, ಕೂಸಿನಿಂದ ಹಿಡದು ಕೋಲು ಹಿಡದಾವರ ತನಕ ಎಲ್ಲಾರೂ ಬರೂದು. ಆ ಮನ್ಯಾಗ ಆವತ್ತ ಒಲಿ ಹೊತ್ತಂಗಿಲ್ಲ. ಈಗ ನನ್ನ ಮೊಣಕಾಲು ನಡ್ಯಂಗಿಲ್ಲ. ಹುಡುಗೂರು ಗಾಡಿ ಮ್ಯಾಲ ಕುಂತು ಪತ್ರಿಕಿ ಅಂಗಳದಾಗ ಒಗದು ಹೋಗತಾವು."

ಕೋಮಲಳ ತಲೆಗೆ ಅಲ್ಲೇ ಒಲೆ ಹೊಕ್ಕಿತು. ಮನೆಗೆ ಬಂದವಳು ದಿನಗಟ್ಟಲೆ ಅದರ ಚಿತ್ರವನ್ನೇ ಬರೆದಳು.

ಪತ್ರಿಕೆಯ ಆಯ್ಕೆಯ ದಿನ ಬಾಬಾಸಾಹೇಬರ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಬಾಬಾಸಾಹೇಬರು ಲೋಡಿಗೆ ಒರಗಿದ್ದರು, ತಾಯಿ ಕಂಬದ ಹತ್ತಿರ, ದಾನೇಶ್ವರಿ ಬಾಗಿಲ ಮರೆಯಲ್ಲಿ. ನಿಪ್ಪಾಣಿಯ ಅಮಿತ ಎಂಬ ಡಿಸೈನರ್ ಆಗಲೇ ಬಂದು ಕೂತಿದ್ದ. ಅವನು ತಂದದ್ದು ಮಖಮಲ್ಲಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ದೀಪ ಹೊತ್ತಿ ಸನಾದಿ ಊದಿತು. ಬಾಬಾಸಾಹೇಬರು ಮೂರ್ನಾಲ್ಕು ಸಲ ತೆಗೆದು ಮುಚ್ಚಿ ನೋಡಿದರು. ಮುಖ ಅರಳಿತ್ತು.

"ನೀ ಏನ ತಂದೀ ತಂಗಿ?"

ಕೋಮಲ ತನ್ನ ಟ್ಯಾಬ್ ತಿರುಗಿಸಿ ಹಿಡಿದಳು. ಹಳೇ ಮಣ್ಣಿನ ಒಲೆ. ಒಳಗೆ ತಣ್ಣಗಾದ ಬೂದಿ, ಪಕ್ಕದಲ್ಲಿ ಬೋರಲು ಹಾಕಿದ ಗಡಿಗೆ. ಬೂದಿಯ ಒಂದೊಂದು ಪದರವನ್ನೂ ಅವಳು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಳು.

ಬಾಬಾಸಾಹೇಬರ ಮುಖ ಕಪ್ಪಿಟ್ಟಿತು. "ನಮ್ಮ ಮನ್ಯಾಗ ಮದಿವಿ ಐತಿ, ಯಾರೂ ಸತ್ತಿಲ್ಲ. ಆರಿದ ಒಲಿ ತಂದು ತೋರಸ್ತೀಯಲ್ಲ? ಅದರಾಗ ಬೆಕ್ಕು ಮಲಗಿಸೂದೊಂದು ಉಳದೈತಿ ನೋಡು."

ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ನೆರೆಯವರು ಬುತ್ತಿ ತಂದು ಉಣ್ಣಿಸುತ್ತಾರೆ. ಇದು ಗೊತ್ತಿಲ್ಲದವರು ಯಾರು? ಕೋಮಲಳಿಗೂ ಗೊತ್ತಿತ್ತು. ಚಿತ್ರ ಚಂದ ಬರುತ್ತಿದೆ ಎಂಬ ಹುರುಪಿನಲ್ಲಿ ನೆನಪಿಗೆ ಬಂದಿರಲಿಲ್ಲ. ಅಮಿತ ನಗಲಿಲ್ಲ, ತಲೆ ತಗ್ಗಿಸಿ ಡಬ್ಬಿ ಒರೆಸತೊಡಗಿದ. ಅಂಗಡಿ ಮುಚ್ಚಿ ಅದರ ಮೇಜು ಮಾವನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಮನೆಗೆ ಹೋಗುತ್ತಿರುವುದು ಕೋಮಲಳ ಕಣ್ಣ ಮುಂದೆ ಬಂತು.

ಎದ್ದು ಹೋಗಬಹುದಿತ್ತು. ಅವಳು ಮುದುಕಿಯ ಕಡೆ ಸರಿದು ಕೂತಳು.

"ತಪ್ಪಾತ್ರಿ ಆಯಿ. ಒಂದು ಮಾತು ಹೇಳ್ರಿ. ಲಗ್ನಕ್ಕ ಹೋಗೂ ದಿನಾ ನಿಮ್ಮ ಒಲಿ ಹೆಂಗ ಇರತಿತ್ತು?"

ಶಿವಗಂಗವ್ವ ಕಣ್ಣು ಮುಚ್ಚಿಕೊಂಡರು.

"ಬೂದಿ ಎಲ್ಲೀದು ಬೇ? ಹಿಂದಿನ ದಿನಾನs ಬಳದು ಒಗದು, ಸೆಗಣಿಲೆ ಸಾರಸ್ತಿದ್ವಿ. ಮುಂದ ರಂಗೋಲಿ. ಅರಿಷಿಣ ಕುಂಕುಮ ಹಚ್ಚಿ ಹೂವಾ ಏರಸ್ತಿದ್ವಿ. ಸತ್ತ ಮನಿ ಒಲೀನ ಯಾರೂ ಮುಟ್ಟಂಗಿಲ್ಲ. ಲಗ್ನಕ್ಕ ಹೋಗೂ ಮನಿ ಒಲಿ ಹೊಸಾ ಸೊಸಿ ಹಂಗ ಕುಂತಿರತಿತ್ತು."

ಕೋಮಲಳ ಬೆರಳು ಆಗಲೇ ಓಡುತ್ತಿತ್ತು. ಬೂದಿ ಅಳಿಯಿತು. ಗಡಿಗೆ ಹೋಯಿತು. ಒಲೆಯ ಮೈ ಹಸಿರಾಗಿ ಸಾರಿಸಿಕೊಂಡಿತು, ಹಣೆಗೆ ಕುಂಕುಮ ಬಂತು, ಮೇಲೆ ಸೇವಂತಿಗೆ. ಹಿಂದೆ ಅರ್ಧ ಎಳೆದ ಬಾಗಿಲು. ಬಾಗಿಲಾಚೆ ಹೊಸಬಟ್ಟೆ ಉಟ್ಟು ಹೊರಟ ಸಂಸಾರ: ಅಪ್ಪನ ಹೆಗಲ ಮೇಲೆ ಕೂಸು, ಎಲ್ಲರಿಗಿಂತ ಮುಂದೆ ಕೋಲೂರಿದ ಮುದುಕಿ. ದಾನೇಶ್ವರಿ ಬಾಗಿಲ ಮರೆ ಬಿಟ್ಟು ಬಂದು ಬಗ್ಗಿ ನಿಂತಳು.

"ಆ ಮುದುಕಿಗೆ ಇಳಕಲ್ಲ ಸೀರಿ ಉಡಸು," ಎಂದರು ಶಿವಗಂಗವ್ವ. "ಲಗ್ನಕ್ಕ ಹೊಂಟಾಳ, ಕಸಾ ಹೊಡ್ಯಾಕಲ್ಲ."

ಸೀರೆಗೆ ಕೆಂಪು ಸೆರಗು ಬಂತು. ಕೊನೆಗೆ ಕೋಮಲ ಚಿತ್ರದ ಕೆಳಗೆ ಒಂದೇ ಸಾಲು ಬರೆದಳು, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ: ‘ನಿಮ್ಮ ಒಲೆಗೆ ಆ ದಿನ ಸೂಟಿ.’

ಬಾಬಾಸಾಹೇಬರು ಟ್ಯಾಬ್ ಕೈಗೆ ತೆಗೆದುಕೊಂಡರು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಕೆಲಸದ ಗಂಗೂಬಾಯಿಯನ್ನು ಕೂಗಿದರು. ಅವಳಿಗೆ ಯಾವ ಅಕ್ಷರವೂ ಬಾರದು.

"ಇದೇನ ಹೇಳತೈತಿ ನೋಡು."

ಗಂಗೂಬಾಯಿ ಕೈ ಒರೆಸಿಕೊಂಡು ನೋಡಿದಳು. "ಏನ ಹೇಳೂದ್ರಿ ಅಣ್ಣಾರ? ಅಡಗಿ ಮಾಡಬ್ಯಾಡ, ಎಲ್ಲಾರೂ ಬರ್ರಿ ಅಂದೀರಿ." ಮತ್ತೊಮ್ಮೆ ಬಗ್ಗಿ ನೋಡಿದಳು. "ನಮ್ಮ ಅತ್ತಿನ್ನೂ ಕರಕೊಂಡ ಬಾ ಅಂದೀರಿ. ಆಕಿ ಭಾಳ ತಿಂತಾಳ, ಆಮ್ಯಾಲ ಬೈಬ್ಯಾಡ್ರಿ."

ಬಾಬಾಸಾಹೇಬರು ನಕ್ಕರು. ಆ ಹುಗ್ಗಿಯ ದಿನದ ನಂತರ ಮದುವೆಯ ಮಾತಿನಲ್ಲಿ ಅವರು ನಕ್ಕದ್ದು ಅದೇ ಮೊದಲು. "ಆತು ತಂಗಿ. ಪತ್ರಿಕಿ ನಿಂದು." ಅಮಿತನ ಕಡೆ ತಿರುಗಿ, "ಸಿಟ್ಟಾಗಬ್ಯಾಡಪಾ," ಎಂದರು.

"ಇಲ್ರಿ," ಎಂದ ಅವನು ಡಬ್ಬಿ ಚೀಲಕ್ಕೆ ಹಾಕುತ್ತ. "ಹೆಂಗಿದ್ರೂ ನಾ ಮದಿವಿಗೆ ಬರಾವ. ನಮ್ಮ ಒಲಿಗೂ ಸೂಟಿ ಕೊಡ್ರಿ."

ಆ ಪತ್ರಿಕೆ ಅಂಗಳದಲ್ಲಿ ಬೀಳಲಿಲ್ಲ. ಹೆಂಗಸರು ಅದನ್ನು ಅಡುಗೆಮನೆಯ ಗೋಡೆಗೆ, ಗ್ಯಾಸಿನ ಒಲೆಯ ಮೇಲ್ಗಡೆಗೇ ಅಂಟಿಸಿಕೊಂಡರು. ಒಂದು ಪತ್ರಿಕೆಗೆ ಶಿವಗಂಗವ್ವ ತಮ್ಮ ಕೈಯಾರೆ ಅರಿಷಿಣ ಹಚ್ಚಿ ಚಿಕ್ಕೋಡಿಗೆ, ದುಂಡೇಶಪ್ಪನ ಮನೆಗೆ ಕಳಿಸಿದರು.

ಮದುವೆಯ ದಿನ ಉಗಾರದ ಮನೆಗಳಿಗೆಲ್ಲ ಕೀಲಿ ಬಿದ್ದಿತ್ತು. ಹೊಳೆಯಾಚೆಯವರು ಟ್ರ್ಯಾಕ್ಟರಿನಲ್ಲಿ ಬಂದರು. ನಡೆಯಲಾರದವರನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ಪಂಗ್ತಿಯ ಮೇಲೆ ಪಂಗ್ತಿ ಎದ್ದಿತು. ಹುಗ್ಗಿ ಸಾಲದೆ ಎರಡನೇ ಸಲ ಕೊಪ್ಪರಿಗೆ ಏರಿಸಬೇಕಾಯಿತು. ಬಾಬಾಸಾಹೇಬರು ತಾವೇ ಬಕೆಟ್ ಹಿಡಿದು ಬಡಿಸುತ್ತ, "ಎಮ್ಮಿಗೆ ಒಂದ ತುತ್ತೂ ಉಳಿಸಬ್ಯಾಡ್ರಿ," ಎಂದು ಸಾರುತ್ತ ಓಡಾಡಿದರು.

ದುಂಡೇಶಪ್ಪ ತಲೆಗೆ ಹೊಸ ಪಟಕಾ ಸುತ್ತಿಕೊಂಡು ಸದಲಗಾದಿಂದ ಬಂದ ಗಂಡಿನ ಕಡೆಯ ಹಿರಿಯ ಬೀಗರೊಬ್ಬರ ಪಕ್ಕ ಊಟಕ್ಕೆ ಕೂತಿದ್ದ. ಆ ಹಿರಿಯರು ಪತ್ರಿಕೆಯನ್ನು ಕಿಸೆಯಿಂದ ತೆಗೆದು, "ಇದನ್ನ ಮಾಡಿದಾವ ಯಾಂವರೀ? ನಮ್ಮ ಮೊಮ್ಮಗಳ ಲಗ್ನ ಐತಿ," ಎಂದು ಕೇಳಿದರು.

"ಯಾಂವ ಅಲ್ರಿ, ನಮ್ಮ ಸೊಸಿ," ಎಂದ ದುಂಡೇಶಪ್ಪ, ಸುತ್ತಲಿನ ಪಂಗ್ತಿಗೂ ಕೇಳುವಷ್ಟು ದನಿ ಏರಿಸಿ. "ಚಿಕ್ಕೋಡ್ಯಾಗ ನಮ್ಮದು ಅಂಗಡಿ ಐತಿ. ಮುಂಜಾನೆ ಬರ್ರಿ, ಆಮ್ಯಾಲ ಗದ್ದಲ ಆಗತೈತಿ."

ಬಡಿಸುತ್ತ ಬಂದ ಕೋಮಲ ಅವನ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು. ಅವನು ಸಾಕು ಎನ್ನಲಿಲ್ಲ.