ಆರು ದಿನದ ಹಾಜರಿ

ಗಂಗಾಧರಯ್ಯ ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಒಂದೇ ಒಂದು ಚಿತ್ತು ಹುಡುಕಿ ತೋರಿಸಿದವರಿಗೆ ಇಡೀ ತರೀಕೆರೆಯೇ ಕೈಮುಗಿಯಬೇಕಿತ್ತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವರು ಬಂದ ಮಗುವನ್ನು ಗೈರು ಅಂತ ಬರೆದದ್ದಿಲ್ಲ, ಬಾರದ ಮಗುವನ್ನು ಹಾಜರಿ ಅಂತ ಬರೆದದ್ದಿಲ್ಲ. ತಮ್ಮ ಸ್ವಂತ ಮಗಳು ಪ್ರಾರ್ಥನೆ ಮುಗಿದ ಮೇಲೆ ಗೇಟು ದಾಟಿ ಬಂದಳು ಅಂತ ಅವಳಿಗೂ ಅರ್ಧ ದಿನದ ಗೈರು ಹಾಕಿ, ಮನೆಗೆ ಹೋಗಿ ಹೆಂಡತಿ ತೀರ್ಥಮ್ಮನ ಕೈಲಿ ಬೈಸಿಕೊಂಡಿದ್ದರು. ಬೈಸಿಕೊಂಡದ್ದನ್ನೂ ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದಲೇ ಹೇಳಿಕೊಂಡರು.

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷ ಕಳೆದಿತ್ತು. ಸಿಸ್ಟರುಗಳು ನಡೆಸುತ್ತಿದ್ದ, ಮೇಷ್ಟ್ರು ಕೆಲಸಕ್ಕಿದ್ದ ಆ ಹೈಸ್ಕೂಲೆಂದರೆ ಸುತ್ತಲ ಊರಿನವರಿಗೆಲ್ಲ ಒಂದು ಬಗೆಯ ಭಯಭಕ್ತಿ. ಅಲ್ಲಿಂದ ಎಸ್ಸೆಸ್ಸೆಲ್ಸಿಗೆ ಕೂತ ಮಕ್ಕಳು ಫೇಲಾಗುತ್ತಿರಲಿಲ್ಲ. ಯಾಕೆ ಆಗುತ್ತಿರಲಿಲ್ಲ ಅಂದರೆ, ಫೇಲಾಗುವ ಮಕ್ಕಳನ್ನು ಅಲ್ಲಿ ಕೂರಿಸುತ್ತಲೇ ಇರಲಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನೆಡಿಕ್ಟಾ ತಮ್ಮ ಕೋಣೆಯ ಹೊರಗೆ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದರು: ಪ್ರಿಪರೇಟರಿ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ನಲವತ್ತು ಅಂಕ ಬರಬೇಕು, ನೀತಿಪಾಠದಲ್ಲಿ ಪಾಸಾಗಿರಬೇಕು, ಹಾಜರಿ ನೂರಕ್ಕೆ ಎಂಬತ್ತು ಇರಬೇಕು. ಸರ್ಕಾರಕ್ಕೆ ಎಪ್ಪತ್ತೈದು ಸಾಕು, ನಮಗೆ ಸಾಲದು ಎನ್ನುವುದು ಸಿಸ್ಟರ ಮಾತು. ಮೇಷ್ಟ್ರಿಗೆ ಆ ಮಾತು ಕೇಳಿದಾಗಲೆಲ್ಲ ಹೊಟ್ಟೆ ತುಂಬುತ್ತಿತ್ತು.

ಹತ್ತನೇ ಕ್ಲಾಸಿನ ಅಂಜಿನಮ್ಮ ಅಜ್ಜಂಪುರದ ರಸ್ತೆಯಲ್ಲಿರುವ ಒಂದು ಹಟ್ಟಿಯ ಹುಡುಗಿ. ಆ ಹಟ್ಟಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಬೆಳಿಗ್ಗೆ ಎರಡು ಮೈಲಿ ನಡೆದು ಬಸ್ಸು ಹಿಡಿದು ಬರುತ್ತಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಆ ಕ್ಲಾಸಿನಲ್ಲಿ ಇರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಸಮೀಕರಣ ಬರೆದು ಮುಗಿಸುವಷ್ಟರಲ್ಲಿ ಅವಳ ತುಟಿಯ ಮೇಲೆ ಉತ್ತರ ಬಂದು ಕೂತಿರುತ್ತಿತ್ತು. ಮೇಷ್ಟ್ರಿಗೆ ಅವಳ ಮೇಲೆ ಅಭಿಮಾನ ಇಲ್ಲದಿರಲಿಲ್ಲ, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಅವಳಪ್ಪ ಹೊನ್ನಯ್ಯ ಆ ವರ್ಷ ಜೂನ್ ತಿಂಗಳಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರನ್ನು ನಿಲ್ಲಿಸಿ ಹೇಳಿದ್ದ. "ನೋಡಿ ಸಾಮಿ, ಚೌಳಹಿರಿಯೂರಲ್ಲಿ ನನ್ ಬಾಮೈದನ ಮಗ ಅವ್ನೆ. ಅವ್ರು ಈಗಿಂದೀಗ್ಲೇ ಹೆಣ್ ಕೊಡು ಅಂತ ಕೂತವ್ರೆ. ಇವಳು ಮೇಷ್ಟ್ರಮ್ಮ ಆಯ್ತೀನಿ ಅಂತಾಳೆ. ಒಂದೇ ಒಂದು ಸಲ ಅಂತ ಮಾತು ಕೊಟ್ಟಿವ್ನಿ. ಈ ಸಲ ಪರೀಕ್ಷೆ ಕಟ್ಟಿ ಪಾಸಾದ್ರೆ ಟಿ.ಸಿ.ಎಚ್.ಗೆ ಕಳಿಸ್ತೀನಿ. ಇಲ್ಲ ಅಂದ್ರೆ ತಾಳಿ."

"ಅವಳು ಪಾಸಾಗದೆ ಇನ್ಯಾರು ಆಗ್ತಾರೆ, ಹೋಗಯ್ಯ," ಅಂದಿದ್ದರು ಮೇಷ್ಟ್ರು. ಅಷ್ಟು ಸಲೀಸಾಗಿ ಅಂದುಬಿಟ್ಟಿದ್ದರು.

ಆದರೆ ಅದೇ ಜೂನ್ ಕೊನೆಯಲ್ಲಿ ಹುಡುಗಿ ಒಮ್ಮೆಲೇ ಹದಿನಾಲ್ಕು ದಿನ ಬರಲಿಲ್ಲ. ಬಂದಾಗ ಕೈಲೊಂದು ಚೀಟಿ, ಜ್ವರ ಬಂದಿತ್ತು ಅಂತ. ಆಗಸ್ಟಿನಲ್ಲಿ ನಾಲ್ಕು ದಿನ ಜ್ವರ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಜ್ವರ. ಅಕ್ಟೋಬರಿನಲ್ಲೂ ನಾಲ್ಕೇ ದಿನ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೈರು ಹಾಕುತ್ತ ಹೋದರು. ನವೆಂಬರಿನಲ್ಲಿ ಮತ್ತೆ ಅದೇ ಚೀಟಿ ಮೇಜಿನ ಮೇಲೆ ಬಂದಾಗ ಅವರಿಗೆ ತಡೆಯಲಾಗಲಿಲ್ಲ.

"ಏನಮ್ಮ ಅಂಜಿನಮ್ಮ, ನಿನ್ನ ಜ್ವರ ಭಾರಿ ಶಿಸ್ತಿನದು ಕಣಮ್ಮ. ತಿಂಗಳಿಗೊಂದು ಸಲ, ನಾಲ್ಕೇ ದಿನ. ಕ್ಯಾಲೆಂಡರ್ ನೋಡ್ಕೊಂಡು ಬರುತ್ತೋ ಹೆಂಗೆ?"

ಹುಡುಗರ ಬೆಂಚುಗಳು ಗೊಳ್ಳೆಂದು ನಕ್ಕವು. ಹನ್ನೊಂದು ಹುಡುಗಿಯರೂ ಡೆಸ್ಕಿನ ಮೇಲಿನ ಕೆತ್ತನೆಗಳನ್ನು ನೋಡುತ್ತ ಕೂತುಬಿಟ್ಟರು. ಅಂಜಿನಮ್ಮನ ಕಿವಿ ಕೆಂಪಾಗಿತ್ತು. ಸುಳ್ಳು ಸಿಕ್ಕಿಬಿತ್ತು, ಅದಕ್ಕೇ ನಾಚಿಕೆ ಅಂತ ಮೇಷ್ಟ್ರು ಲೆಕ್ಕ ಹಾಕಿದರು. ಎಂಥೆಂಥ ಲೆಕ್ಕ ಬಿಡಿಸಿದ ಮನುಷ್ಯ, ಇದೊಂದನ್ನು ಬಿಡಿಸಲಾರದೆ ಹೋದರು.

ಪ್ರಿಪರೇಟರಿಯಲ್ಲಿ ಅಂಜಿನಮ್ಮ ಎಲ್ಲ ವಿಷಯದಲ್ಲೂ ಪಾಸು, ಲೆಕ್ಕದಲ್ಲಿ ತೊಂಬತ್ತೊಂದು. ಆಮೇಲೆ ಹಾಜರಿ ಕೂಡಿದರು. ಶಾಲೆ ನಡೆದದ್ದು ನೂರ ಅರವತ್ತೆಂಟು ದಿನ, ಅವಳು ಬಂದದ್ದು ನೂರ ಇಪ್ಪತ್ತೊಂಬತ್ತು. ಬೇಕಿದ್ದದ್ದು ನೂರ ಮೂವತ್ತೈದು. ಆರು ದಿನ ಕಮ್ಮಿ.

ಸಿಸ್ಟರ್ ಬೆನೆಡಿಕ್ಟಾ ಪರೀಕ್ಷೆಗೆ ಕೂರುವವರ ಪಟ್ಟಿಯ ಮೇಲೆ ಬೆರಳಿಟ್ಟು ಕೂತರು. ಮಂಗಳೂರಿನ ಕಡೆಯವರು, ಅಚ್ಚುಕಟ್ಟಾಗಿ ಪುಸ್ತಕದ ಕನ್ನಡ ಆಡುತ್ತಿದ್ದರು. "ಮೇಷ್ಟ್ರೇ, ಹತ್ತು ದಿನಗಳವರೆಗೆ ಮನ್ನಾ ಮಾಡುವ ಅಧಿಕಾರ ನನಗಿದೆ. ತರಗತಿಯ ಉಪಾಧ್ಯಾಯರು ಸರಿಯಾದ ಕಾರಣ ಬರೆದುಕೊಡಬೇಕು ಅಷ್ಟೆ. ಕಾರಣವಿದೆಯೇ?"

"ಜ್ವರ ಅಂತಾಳೆ ಸಿಸ್ಟರ್. ಪ್ರತಿ ತಿಂಗಳೂ ಸರಿಯಾಗಿ ನಾಲ್ಕು ದಿನ ಬರೋ ಜ್ವರ. ಸುಳ್ಳು ಅಂತ ನನಗೆ ಗೊತ್ತು. ಗೊತ್ತಿದ್ದೂ ಹೆಂಗೆ ಬರೆಯಲಿ?"

ಸಿಸ್ಟರು ಹುಡುಗಿಯನ್ನು ಕರೆಸಿದರು. ಮೇಷ್ಟ್ರು ಕಿಟಕಿಯ ಹತ್ತಿರ ಕೈಕಟ್ಟಿ ನಿಂತರು. ಯಾಕೆ ಬರಲಿಲ್ಲ ಹೇಳು ಮಗು, ಹೆದರಬೇಡ, ಅಂತ ಸಿಸ್ಟರು ಮೂರು ಸಲ ಕೇಳಿದರು. ಅಂಜಿನಮ್ಮ ಒಮ್ಮೆ ಸಿಸ್ಟರ ಮುಖ ನೋಡಿದಳು, ಒಮ್ಮೆ ಮೇಷ್ಟ್ರ ಕಡೆ ನೋಡಿದಳು. ಬಾಯಿ ತೆರೆದಳು.

"ಜ್ವರ ಸಿಸ್ಟರ್," ಅಂದಳು.

ಸಿಸ್ಟರು ನಿಟ್ಟುಸಿರು ಬಿಟ್ಟು ಅವಳ ಹೆಸರನ್ನು ಹೊಡೆದುಹಾಕಿದರು. ಶನಿವಾರ ಪಟ್ಟಿ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಸೋಮವಾರ ಅದರ ನಕಲು ನೋಟಿಸ್ ಬೋರ್ಡಿಗೆ ಬಂತು.

ಮಂಗಳವಾರ ಸಂಜೆ ಮೇಷ್ಟ್ರು ಮನೆಗೆ ಬಂದಾಗ ತೀರ್ಥಮ್ಮ ಕಾಫಿ ಕೊಡಲಿಲ್ಲ. ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಅಂಜಿನಮ್ಮನ ತಾಯಿ ಬಂದಿದ್ಲು," ಅಂದಳು. "ದ್ಯಾಮಮ್ಮ. ಹಿತ್ತಿಲಲ್ಲಿ ಕೂತ್ಕೊಂಡು ಅತ್ತು ಹೋದ್ಲು. ಆ ಹಾಜರಿ ಪುಸ್ತಕ ತಂದಿದೀರಾ?"

"ತಂದಿದೀನಿ. ಅದ್ಯಾಕೆ ನಿಂಗೆ?"

"ಆ ಹುಡುಗಿ ಬರದೇ ಇದ್ದ ತಾರೀಖು ಓದಿ, ಕೇಳ್ತೀನಿ."

ಮೇಷ್ಟ್ರು ಓದಿದರು. ಜೂನ್ ಕೊನೆಯಿಂದ ಹದಿನಾಲ್ಕು ದಿನ. ಆಗಸ್ಟ್ ಎಂಟರಿಂದ ಹನ್ನೊಂದು. ಸೆಪ್ಟೆಂಬರ್ ಐದರಿಂದ ಎಂಟು. ಅಕ್ಟೋಬರ್ ಮೂರರಿಂದ ಆರು. ಓದುತ್ತ ಓದುತ್ತ ಅವರ ದನಿ ತಾನೇ ಇಳಿಯಿತು. ಜನವರಿಯವರೆಗೆ ಓದಲಿಲ್ಲ.

"ಜೂನಲ್ಲಿ ಮೈನೆರೆದಳಂತೆ ಮಗು," ಅಂದಳು ತೀರ್ಥಮ್ಮ. "ಹಟ್ಟಿಯಾಚೆ ಸೊಪ್ಪಿನ ಗುಡ್ಲು ಹಾಕಿ ಕೂರಿಸಿದ್ರಂತೆ. ಆಮೇಲೆ ತಿಂಗಳು ತಿಂಗಳೂ ನಾಲ್ಕು ದಿವ್ಸ ಆಚೆಗೆ. ಪುಸ್ತಕ ಮುಟ್ಟಂಗಿಲ್ಲ, ಬಸ್ಸು ಹತ್ತಂಗಿಲ್ಲ, ಊರ ದಾರೀಲಿ ನಡೆಯಂಗಿಲ್ಲ. ಗಂಡಸು ಮೇಷ್ಟ್ರಿಗೆ ಚೀಟೀಲಿ ಅದನ್ನ ಬರೀತಾಳೇನ್ರಿ? ನೀವು ಹುಡುಗರ ಮುಂದೆ ಕ್ಯಾಲೆಂಡರ್ ಗಿಲೆಂಡರ್ ಅಂದ್ರಂತೆ."

ಮೇಷ್ಟ್ರು ಪುಸ್ತಕ ಮುಚ್ಚಿದರು. ಅವರ ಮನೆಯಲ್ಲಿ ಈ ಸೂತಕವೆಲ್ಲ ಇರಲಿಲ್ಲ. ಕೊರಳಲ್ಲಿ ಲಿಂಗವಿರುವವರಿಗೆ ಯಾವ ಮೈಲಿಗೆ ಅನ್ನುವ ಮನೆತನ. ತೀರ್ಥಮ್ಮ ಮುನ್ನೂರ ಅರವತ್ತೈದು ದಿನವೂ ಪೂಜೆ ಮಾಡಿ ಒಲೆ ಹಚ್ಚುತ್ತಿದ್ದಳು. ಹೆಂಡತಿಯ ಆ ದಿನಗಳು ಯಾವುವು ಅಂತ ಹದಿನೆಂಟು ವರ್ಷದಲ್ಲಿ ಮೇಷ್ಟ್ರು ಕೇಳಿದವರೂ ಅಲ್ಲ, ಅವಳು ಹೇಳಿದವಳೂ ಅಲ್ಲ. ಸಿಸ್ಟರ ಮಠದಲ್ಲೂ ಇದಿಲ್ಲ. ಹಾಗಂತ ಮೇಷ್ಟ್ರಿಗೆ ಗೊತ್ತೇ ಇರಲಿಲ್ಲವೇ? ಗೊತ್ತಿತ್ತು. ಹುಡುಗನಾಗಿದ್ದಾಗ ಚೌಳಹಿರಿಯೂರಿನ ಹೊರಗೆ ಹೊಂಗೆಮರದ ಕೆಳಗೆ ಹೆಂಗಸರು ಮಡಕೆ ಇಟ್ಟುಕೊಂಡು ಕೂತಿರುವುದನ್ನು ಕಂಡಿದ್ದರು. ಆ ಹೊಂಗೆಮರಕ್ಕೂ ಈ ಕೆಂಪು ಶಾಯಿಗೂ ಸಂಬಂಧವಿದೆ ಅಂತ ಹೊಳೆಯಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗಾಯಿತು.

"ಒಂದು ಮಾತು ನನ್ನ ಕೇಳಿದ್ರೆ ಆಗ್ತಿತ್ತು," ಅಂದಳು ತೀರ್ಥಮ್ಮ. "ಮೇಷ್ಟ್ರ ಮನೇಲೂ ಹೆಂಗಸ್ರವ್ರೆ, ತಿಳ್ಕಂಡಿರ್ತಾರೆ ಅಂದ್ಕೊಂಡಿದ್ವಿ ಅವ್ವ ಅಂತ ದ್ಯಾಮಮ್ಮ ಅಂದಾಗ ನನಗೆ ಭೂಮಿಗೆ ಇಳಿದು ಹೋದಂಗಾಯ್ತು."

ಮೂವತ್ತೊಂಬತ್ತು ಗೈರಿನಲ್ಲಿ ಒಂದು ಮಾತ್ರ ಬೇರೆ ಇತ್ತು. ಡಿಸೆಂಬರಿನ ಒಂದು ಶನಿವಾರ. ಆವತ್ತಿನ ಚೀಟಿಯನ್ನು ಮೇಷ್ಟ್ರು ಪುಸ್ತಕದ ನಡುವಿನಿಂದ ತೆಗೆದು ನೋಡಿದರು. 'ಬಸ್ಸು ತಪ್ಪಿತು ಸಾರ್, ಕ್ಷಮಿಸಿ' ಅಂತ ಗುಂಡಾದ ಅಕ್ಷರದಲ್ಲಿ ಬರೆದಿತ್ತು. ಹೇಳಬಹುದಾದ ನಿಜವನ್ನು ಹುಡುಗಿ ಹೇಳಿದ್ದಳು.

ಬುಧವಾರ ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಮೇಷ್ಟ್ರು ಸಿಸ್ಟರ ಮುಂದೆ ನಿಂತಿದ್ದರು. ತಡವರಿಸುತ್ತ ಎಲ್ಲ ಹೇಳಿದರು. ಸಿಸ್ಟರ್ ಬೆನೆಡಿಕ್ಟಾ ಹಾಜರಿ ಪುಸ್ತಕ ಎಳೆದುಕೊಂಡು ಆ ತಾರೀಖುಗಳನ್ನು ತಾವೇ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ದಿನ ನೀವು ಈ ಕೋಣೆಯಿಂದ ಆಚೆ ಹೋಗಿದ್ದರೆ ಅವಳು ನನ್ನ ಹತ್ತಿರ ಹೇಳುತ್ತಿದ್ದಳು ಮೇಷ್ಟ್ರೇ," ಅಂದರು. ಆಮೇಲೆ, "ನಾನು ನಿಮ್ಮನ್ನು ಆಚೆ ಕಳಿಸಬೇಕಿತ್ತು. ಹೆಂಗಸಾಗಿ ನನಗೆ ತಿಳಿಯಬೇಕಿತ್ತು," ಅಂದರು.

ಇಬ್ಬರೂ ಸೇರಿ ಕಾಗದ ಬರೆದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ರಜೆ ಹಾಕಿ, ಆ ಕಾಗದ ಹಿಡಿದು ಚಿಕ್ಕಮಗಳೂರಿನ ಶಿಕ್ಷಣ ಇಲಾಖೆಯ ಆಫೀಸಿಗೆ ಹೋದರು. ಅಲ್ಲಿಯವರು ಕೂರಿಸಿ ಮಾತಾಡಿಸಿದರು, ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದರು. ಹೆಸರು ಸೇರಿಸುವ ಕೊನೆಯ ದಿನ ಸೋಮವಾರಕ್ಕೇ ಮುಗಿದಿದೆ, ಪ್ರೈವೇಟಾಗಿ ಕಟ್ಟುವುದಕ್ಕೂ ಅದೇ ಗಡುವು, ಬರುವ ವರ್ಷ ನೋಡಿ ಅಂದರು. ಬೆಂಗಳೂರಿನ ಪರೀಕ್ಷಾ ಮಂಡಳಿಗೂ ಹೋಗಿ ಬಂದರು. ಅಲ್ಲೂ ಅದೇ ಮಾತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಹೊರಟವರಿಗೆ ಬೇರೆ ಏನು ಹೇಳುತ್ತಾರೆ.

ಹೊನ್ನಯ್ಯನನ್ನೂ ಕಂಡು ಕೈಮುಗಿದರು. ಒಂದು ವರ್ಷ ಕಾಯಿ, ತಪ್ಪು ನಂದು, ಅಂದರು. ಹೊನ್ನಯ್ಯ ಸಿಟ್ಟು ಮಾಡಲಿಲ್ಲ. "ಮಕ್ಕಳ್ಗೆ ನೀವೇ ಹೇಳ್ಕೊಟ್ಟಿದ್ದಲ್ವಾ ಸಾಮಿ, ಆಡಿದ ಮಾತು ತಪ್ಪಬಾರ್ದು ಅಂತ. ಬಾಮೈದಂಗೆ ವೀಳ್ಯ ಕೊಟ್ಟಾಯ್ತು," ಅಂದ.

ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು. ಲೆಕ್ಕದ ಪರೀಕ್ಷೆ ಮುಗಿದ ಮಾರನೇ ದಿನ ಮೇಷ್ಟ್ರು ಒಂದು ಪ್ರಶ್ನೆಪತ್ರಿಕೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಅಜ್ಜಂಪುರದ ಬಸ್ಸು ಹತ್ತಿದರು. ಯಾಕೆ ಹೊರಟೆ ಅಂತ ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ಕ್ಷಮೆ ಕೇಳುವುದಂತೂ ಒಂದಿತ್ತು.

ಹಟ್ಟಿಗೆ ಇನ್ನೂ ನೂರು ಮಾರು ಇರುವಾಗಲೇ, ಬೇಲಿಯಾಚೆ, ಬೇವಿನ ಮರದ ಕೆಳಗೆ ಅಂಜಿನಮ್ಮ ಕೂತಿದ್ದಳು. ಪಕ್ಕದಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ತಂಬಿಗೆ. ಮೇಷ್ಟ್ರನ್ನು ಕಂಡು ದಡಬಡಿಸಿ ಎದ್ದಳು.

"ಅಲ್ಲೇ ನಿಂತ್ಕಳಿ ಸಾ. ಹತ್ರ ಬರಬ್ಯಾಡಿ."

ಮೇಷ್ಟ್ರು ನಿಂತರು. ಜೇಬಿನಿಂದ ಕಾಗದ ತೆಗೆದರು. "ಲೆಕ್ಕದ ಪೇಪರು ತಂದಿದೀನಮ್ಮ," ಅಂದರು.

ಹುಡುಗಿಯ ಕಣ್ಣು ಕಾಗದದ ಮೇಲೆಯೇ ನಿಂತಿತು. "ನಾನು ಮುಟ್ಟಂಗಿಲ್ಲ ಸಾ," ಅಂದಳು. ಆಮೇಲೆ, "ನೀವೇ ಓದ್ರಿ," ಅಂದಳು.

ಬಿಸಿಲಿನಲ್ಲಿ ನಿಂತು ಮೇಷ್ಟ್ರು ಓದಿದರು, ಮೊದಲನೇ ಪ್ರಶ್ನೆಯಿಂದ. ಅವಳು ಕಡ್ಡಿ ತಗೊಂಡು ಧೂಳಿನಲ್ಲಿ ಬಿಡಿಸಿ, ಹಂತ ಹಂತವಾಗಿ ಉತ್ತರ ಕೂಗಿ ಹೇಳಿ, ಅಂಗೈಯಲ್ಲಿ ಒರೆಸಿ, ಮುಂದಿನದು ಸಾ, ಅನ್ನುತ್ತಿದ್ದಳು. ಆ ನಾಲ್ಕು ನಾಲ್ಕು ದಿನಗಳಲ್ಲಿ ಅವಳು ಓದಿದ್ದು ಹೀಗೆಯೇ ಅಂತ ಮೇಷ್ಟ್ರಿಗೆ ಆಗ ಗೊತ್ತಾಯಿತು. ಸುಮಾರು ಎರಡು ಗಂಟೆ ಹಿಡಿಯಿತು. ಪರೀಕ್ಷೆಗೆ ಕೊಟ್ಟಿದ್ದು ಮೂರು.

"ಎಷ್ಟು ಬಂತು ಸಾ?"

ಮೇಷ್ಟ್ರು ಸುಳ್ಳು ಹೇಳಲಿಲ್ಲ, ಅವಳ ಮುಂದೆ ಸುಳ್ಳು ಹೇಳುವ ಯೋಗ್ಯತೆ ಉಳಿದಿರಲಿಲ್ಲ. "ತೊಂಬತ್ತಾರು," ಅಂದರು.

"ನಾಲ್ಕು ಎಲ್ಲಿ ಹೋಯ್ತು?"

"ಹದಿನೇಳನೇದರಲ್ಲಿ. ಆ ಬದಿಯಿಂದ ಈ ಬದಿಗೆ ತರುವಾಗ ಕಳೆಯುವ ಚಿಹ್ನೆ ಬದಲಾಯಿಸಲಿಲ್ಲ ನೀನು."

ಅಂಜಿನಮ್ಮ ಮತ್ತೆ ಕೂತಳು. ಹದಿನೇಳನೆಯದನ್ನು ಮೊದಲಿಂದ ಬರೆದಳು. ಚಿಹ್ನೆ ತಿದ್ದಿದಳು, ಉತ್ತರ ಹೇಳಿದಳು. ಸರಿಯಾಗಿತ್ತು. ಸರಿಯಾಗಿದೆ ಅಂತ ಮೇಷ್ಟ್ರು ತಲೆಯಾಡಿಸಿದರು.

ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನೂ ಅಂಗೈಯಲ್ಲಿ ಒರೆಸಿ, ಕೈಯ ಮಣ್ಣನ್ನು ಲಂಗಕ್ಕೆ ತಿಕ್ಕಿಕೊಂಡು ಎದ್ದು ನಿಂತಳು.

"ಬರೋ ಸೋಮವಾರ ಮದ್ವೆ ಸಾ," ಅಂದಳು. "ನಿಮ್ಮನೆ ಅವ್ವಾರ್ನೂ ಕರ್ಕಂಡು ಬನ್ನಿ."